ನಮ್ಮ ಬಾಗಿಲಿಗೆ ಯಾರ ಅಪ್ಪಣೆ?

ಕಾಫಿ ಸೀಮೆಯ ಲೈನು ಮನೆಗಳನ್ನು ಕಾಣದ ಬಯಲುಸೀಮೆಯ ಗೆಳೆಯರಿಗಾಗಿ ಮೊದಲು ನಾಲ್ಕು ಮಾತು. ಲೈನು ಎಂದರೆ ಒಂದೇ ಉದ್ದನೆಯ ಸೂರು. ಅದರ ಕೆಳಗೆ ಸಾಲಾಗಿ ಎಂಟೋ ಹತ್ತೋ ಬಾಗಿಲು. ಒಂದು ಬಾಗಿಲಿಗೆ ಒಂದು ಸಂಸಾರ. ಮುಂದೆ ಕಿರಿದಾದ ಜಗಲಿ, ಒಳಗೆ ಒಂದು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆ ಮೂಲೆ. ನಡುಗೋಡೆ ಸೂರಿನ ತನಕ ಮುಟ್ಟುವುದಿಲ್ಲ. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯ ಕೂಸು ಏಳುತ್ತದೆ. ಮೂಡಿಗೆರೆ ಕಡೆಯ ಒಂದು ತೋಟದ ಇಂಥ ಲೈನಿನಲ್ಲಿ ನಾವು ಹುಟ್ಟಿದೆವು, ಬೆಳೆದೆವು.

ನಮ್ಮ ಬಾಗಿಲಿಗೂ ಒಂದು ಬೀಗ ಇತ್ತು. ಬೀಗ ತೋಟದ್ದು. ಅದಕ್ಕೆ ಎರಡು ಬೀಗದಕೈ. ಒಂದು ಅವ್ವನ ಸೊಂಟದಲ್ಲಿ, ಇನ್ನೊಂದು ರೈಟರ ಆಫೀಸಿನ ಗೋಡೆಯ ಮೊಳೆಯಲ್ಲಿ. ಆ ಎರಡನೆಯದು ಅಲ್ಲಿ ಯಾಕೆ ನೇತಾಡುತ್ತದೆ ಅಂತ ನಮ್ಮಲ್ಲಿ ಯಾರೂ ಕೇಳಿದವರಲ್ಲ. ಮನೆ ಅವರದು, ಗೋಡೆ ಅವರದು, ಹೆಂಚು ಅವರದು. ಕೇಳೋದಾದರೂ ಎಂಥದನ್ನ?

1986ರ ಜನವರಿ. ರೊಬಸ್ಟಾ ಕೊಯ್ಲಿನ ಕಾಲ. ನಾವು ಆಗ ಮೂಡಿಗೆರೆಯಲ್ಲಿ ಪಿಯುಸಿ ಓದುತ್ತಿದ್ದವರು, ಸಂಕ್ರಾಂತಿ ರಜೆಯಲ್ಲಿ ಹಣ್ಣು ಬಿಡಿಸೋಕೆ ಬಂದಿದ್ದೆವು. ಕಣದಲ್ಲಿ ಒಣಗಿಸಿ ಗೋಡೌನಿಗೆ ಹಾಕಿದ್ದ ಚೆರಿಯಲ್ಲಿ ಎರಡು ಮೂಟೆ ಕಡಿಮೆ ಬಂತು. ಕಳವು ಎಂದಾಕ್ಷಣ ಬಂಗಲೆಯವರ ಕಣ್ಣು ಎಲ್ಲಿಗೆ ತಿರುಗುತ್ತದೆ ಅಂತ ಹೇಳಬೇಕಾಗಿಲ್ಲ. ಲಾರಿಯವನ ಕಡೆ ತಿರುಗಲಿಲ್ಲ, ರೈಟರ ಕಡೆ ತಿರುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲೈನಿನ ಮುಂದೆ ಜೀಪು ನಿಂತಿತು. ಕೊಯ್ಲಿನಲ್ಲಿದ್ದ ನಮ್ಮನ್ನೆಲ್ಲ ಮೇಸ್ತ್ರಿ ಕೂಗಿ ಕರೆಸಿದ. ಬರೋ ಹೊತ್ತಿಗೆ ಮೊದಲ ಎರಡು ಮನೆ ಬಾಗಿಲು ತೆರೆದಾಗಿತ್ತು. ಮೊಳೆಯ ಮೇಲಿನ ಬೀಗದಕೈ ಕೆಲಸ ಮಾಡಿತ್ತು. ಸಾವ್ಕಾರರು ಜೀಪಿನ ಬದಿಗೆ ನಿಂತು ಹೇಳಿದ್ದು ಒಂದೇ ಮಾತು: "ನೋಡ್ಕಳಿ ಸಾರ್, ನಮ್ಮದೇ ಮನೆಗಳು."

ಎರಡನೆಯ ಮನೆ ನಮ್ಮದು. ಅವ್ವನ ತಗಡಿನ ಪೆಟ್ಟಿಗೆ ಜಗಲಿಯ ಮೇಲೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಅವಳ ಒಳಲಂಗ, ಸೋರೆಬುರುಡೆಯ ಬೀಜದ ಗಂಟು, ಅಕ್ಕನ ಮದುವೆಗೆ ಅಂತ ತೆಗೆದಿಟ್ಟಿದ್ದ ಹಸಿರು ಸೀರೆ, ಎಲ್ಲವೂ ಬೂಟುಗಾಲಿನ ಕೆಳಗೆ. ಅಕ್ಕಿ ಮಡಕೆಯೊಳಕ್ಕೆ ಪೇದೆ ಕೈ ಹಾಕಿ ಕಲಸಿದ್ದ. ಏನೂ ಸಿಗಲಿಲ್ಲ.

ಮೂರನೆಯ ಮನೆಯಲ್ಲಿ ದೊಡ್ಡವ್ವ ಒಬ್ಬಳೇ ಇದ್ದಳು. ಮೈ ಹುಷಾರಿಲ್ಲ ಅಂತ ಅವತ್ತು ಕೆಲಸಕ್ಕೆ ಹೋಗಿರಲಿಲ್ಲ. ದಫೇದಾರರು ಬಾಗಿಲಲ್ಲಿ ನಿಂತು "ಏ ಮುದುಕಿ, ಮನೆ ನೋಡ್ಬೇಕು, ಆರ್ಡರ್ ಅದೆ" ಎಂದರು. ಆರ್ಡರು ಕೈಯಲ್ಲಿ ಇರಲಿಲ್ಲ. ದೊಡ್ಡವ್ವ ಸೆರಗು ತಲೆ ಮೇಲೆ ಎಳಕೊಂಡು ಪಕ್ಕಕ್ಕೆ ಸರಿದು ಹೇಳಿದಳು: "ನೋಡ್ಕಳಿ ಸಾಮಿ, ಎಂಥ ಅದೆ ನಮ್ಮನೇಲಿ." ಅಟ್ಟದ ಮೇಲೆ ಮಗ ಕಟ್ಟಿಟ್ಟಿದ್ದ ಗೋಣಿಯ ಗಂಟು ಸಿಕ್ಕಿತು. ನಾಲ್ಕು ಸೇರು ಇದ್ದೀತು. ಗಿಡದ ಬುಡದಲ್ಲಿ ಉದುರಿ ಬಿದ್ದ ಹಣ್ಣು, ಆರಿಸಿ ಒಣಗಿಸಿದ್ದು. ಆಗ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗಬೇಕಾಗಿದ್ದ ಕಾಲ. ಬೆಳೆದವರೇ ಬೇಕಾದವರಿಗೆ ಮಾರುವಂತಿರಲಿಲ್ಲ. ಕೂಲಿಯವನ ಅಟ್ಟದಲ್ಲಿ ಕಾಫಿ ಅಂದರೆ ಕಳವಿನದಲ್ಲದೆ ಮತ್ತೆಂಥದ್ದು ಎಂದರು.

ಆಮೇಲೆ ಕಾಗದದ ಕೆಲಸ. ಪಂಚರು ಇಬ್ಬರು ಬೇಕಿತ್ತು. ಒಬ್ಬರು ರೈಟರು. ಇನ್ನೊಬ್ಬರಿಗಾಗಿ ದಫೇದಾರರು ಸುತ್ತ ನೋಡಿದರು. ಮೇಸ್ತ್ರಿ ನಮ್ಮ ಕಡೆ ಬೆರಳು ಮಾಡಿದ. "ಕಾಲೇಜು ಓದ್ತೀಯೇನೋ? ಬಾ, ಇಲ್ಲಿ ಸೈನ್ ಹಾಕು." ಕಾಗದದ ಮೇಲೆ ಎರಡು ಸಾಲು ಬರೆದಿತ್ತು, ಉಳಿದದ್ದು ಬಿಳಿ. ಅಪ್ಪ ದೂರದಿಂದ ಕಣ್ಣಲ್ಲೇ ಹಾಕು ಎಂದರು. ನಾವು ಹಾಕಿದೆವು. ಇಂಗ್ಲಿಷಿನಲ್ಲಿ ಹಾಕಿದೆವು. ಹಾಕುವಾಗ ಒಳಗೆ ಎಲ್ಲೋ ಸ್ವಲ್ಪ ಹೆಮ್ಮೆಯೂ ಆಗಿತ್ತು ಅನ್ನೋದನ್ನ ಇವತ್ತು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೂರನೆಯ ಮನೆಯ ಅಣ್ಣನನ್ನು ಜೀಪಿಗೆ ಹತ್ತಿಸಿದರು. ಮೂರನೆಯ ದಿನ ಸಂಜೆ ನಡಕೊಂಡೇ ಬಂದ. ಎಡಗಾಲು ಊರಲಾಗುತ್ತಿರಲಿಲ್ಲ. ಕೇಸು ಕೋರ್ಟಿಗೆ ಹೋಗಲೇ ಇಲ್ಲ, ಹೋಗುವ ಅಗತ್ಯವೂ ಬೀಳಲಿಲ್ಲ. ನಮ್ಮ ಸಹಿ ಇದ್ದ ಕಾಗದದ ಹೆಸರು ಹೇಳಿಯೇ ಅವರ ಮನೆ ಬಿಡಿಸಿದರು. ಯುಗಾದಿಗೆ ಮೊದಲೇ ದೊಡ್ಡವ್ವ, ಅಣ್ಣ, ಅತ್ತಿಗೆ, ಎರಡು ಮಕ್ಕಳು ಮೂಟೆ ಹೊತ್ತುಕೊಂಡು ಕಳಸದ ರಸ್ತೆ ಹಿಡಿದರು.

ಆ ದಿನ ಮೂರು ಒಪ್ಪಿಗೆಗಳು ಕೂಡಿ ಒಂದು ಸಂಸಾರವನ್ನು ಹೊರಗೆ ಹಾಕಿದವು. ಸಾವ್ಕಾರರ ಒಪ್ಪಿಗೆ, ದೊಡ್ಡವ್ವನ ಒಪ್ಪಿಗೆ, ನಮ್ಮ ಸಹಿ. ಯಾರ ಗಂಟು ಬಿಚ್ಚಿದರೋ ಅವನ ಬಾಯಿಂದ ಹೂಂ ಅನ್ನೋದಾಗಲಿ ಉಹೂಂ ಅನ್ನೋದಾಗಲಿ ಹೊರಡಲೇ ಇಲ್ಲ. ಅವನನ್ನು ಯಾರೂ ಕೇಳಲಿಲ್ಲ. ಈ ಮೂರು ಒಪ್ಪಿಗೆಗಳಿಗೆ ಕಾನೂನಿನಲ್ಲಿ ಎಷ್ಟು ಬೆಲೆ ಎಂದು ನಾವು ಬಹಳ ತಡವಾಗಿ ಓದಿ ತಿಳಿದೆವು. ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

*

ಮೊದಲನೆಯದು ಧಣಿಯ ಒಪ್ಪಿಗೆ. "ನಮ್ಮದೇ ಮನೆ, ನೋಡ್ಕಳಿ."

ಪೊಲೀಸರಿಗೆ ಮನೆ ಹೊಕ್ಕು ಹುಡುಕುವ ಅಧಿಕಾರ ಎಲ್ಲಿಂದ ಬರುತ್ತದೆ? ಆಗ ಇದ್ದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ. ಅದು ಮುಖ್ಯವಾಗಿ ಎರಡು ದಾರಿ ತೋರಿಸಿತ್ತು. ಒಂದು, ಮ್ಯಾಜಿಸ್ಟ್ರೇಟರು ಕೊಟ್ಟ ಸರ್ಚ್ ವಾರೆಂಟು. ಇನ್ನೊಂದು 165ನೆಯ ಕಲಮು. ವಾರೆಂಟು ತರುವಷ್ಟರಲ್ಲಿ ತಡವಾಗಿಬಿಡುತ್ತದೆ ಎಂದು ತನಿಖೆಯ ಅಧಿಕಾರಿಗೆ ಅನ್ನಿಸಿದರೆ, ಯಾಕೆ ಹಾಗೆ ಅನ್ನಿಸಿತು, ಯಾವ ವಸ್ತುವನ್ನು ಹುಡುಕುತ್ತಿದ್ದೇನೆ ಎಂಬುದನ್ನು ಮೊದಲು ಬರೆದಿಟ್ಟು ಆಮೇಲೆ ಹುಡುಕಬೇಕು. ಬರೆದದ್ದರ ಪ್ರತಿ ಕೂಡಲೇ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಹುಡುಕಿಸಿಕೊಂಡ ಮನೆಯವರು ಅರ್ಜಿ ಹಾಕಿದರೆ ಅವರಿಗೂ ಪುಕ್ಕಟೆ ಪ್ರತಿ ಸಿಗಬೇಕು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 165 ಈಗ 185 ಆಗಿದೆ, ಹಳೆಯ 100 ಈಗ 103 ಆಗಿದೆ. ನಂಬರು ಬದಲಾದರೂ ಈ ಮಾತುಗಳ ತಿರುಳು ಉಳಿದಿದೆ.

ಈ ಎರಡು ದಾರಿಗಳಲ್ಲಿ ಎಲ್ಲಿಯೂ "ಮನೆಯ ಯಜಮಾನನು ಅಪ್ಪಣೆ ಕೊಟ್ಟರೆ ಸಾಕು" ಎಂದು ಬರೆದಿಲ್ಲ. 100ನೆಯ ಕಲಮಿನಲ್ಲಿ ಒಂದು ಮಾತು ಬರುತ್ತದೆ. ಮುಚ್ಚಿದ ಜಾಗದಲ್ಲಿ ವಾಸವಿರುವವರು ಅಥವಾ ಅದರ ಉಸ್ತುವಾರಿ ಇರುವವರು ಪೊಲೀಸರು ವಾರೆಂಟು ತೋರಿಸಿ ಕೇಳಿದಾಗ ಒಳಗೆ ಬಿಡಬೇಕು. ಉಸ್ತುವಾರಿ ನಮ್ಮದು ಅಂತ ಧಣಿಗಳು ಹೇಳಿಕೊಳ್ಳಬಹುದು. ಹೇಳಿಕೊಂಡರೂ ಅದು ಬಾಗಿಲು ತೆರೆಯುವ ಕರ್ತವ್ಯದ ಮಾತು. ಕಾಗದ ಇದ್ದಾಗ ಹುಟ್ಟುವ ಕರ್ತವ್ಯ. ಕಾಗದ ಇಲ್ಲದಾಗ ಇನ್ನೊಬ್ಬರ ಪೆಟ್ಟಿಗೆ ಬಿಚ್ಚಿಸುವ ಹಕ್ಕು ಅದರಿಂದ ಹುಟ್ಟುವುದಿಲ್ಲ.

ಲೈನು ಮನೆ ಧರ್ಮಕ್ಕೆ ಕೊಟ್ಟದ್ದು ಎಂಬ ಭಾವನೆ ನಮ್ಮವರ ತಲೆಯಲ್ಲಿ ಬಲವಾಗಿ ಕೂತಿದೆ. 1951ರ ತೋಟ ಕಾರ್ಮಿಕರ ಕಾಯ್ದೆ ಬಂದಾಗ ತೋಟದಲ್ಲಿ ನೆಲೆಸಿದ ಕೂಲಿಕಾರರಿಗೆ ಮನೆ ಒದಗಿಸುವುದು ಮಾಲೀಕನ ಹೊಣೆ ಎಂದು ಬರೆಯಿತು. ಆ ಕಾಯ್ದೆ ಆಮೇಲೆ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಯಿತು. ನಾವು ಹೇಳಬೇಕಾದದ್ದು ಇಷ್ಟೇ. ನಮ್ಮವ್ವ ಮೂವತ್ತು ವರ್ಷ ಕಳೆ ಕಿತ್ತ, ಗೊಬ್ಬರ ಹೊತ್ತ, ಹಣ್ಣು ಬಿಡಿಸಿದ ಕೂಲಿಯ ಲೆಕ್ಕದಲ್ಲಿ ಆ ಮನೆಯೂ ಸೇರಿತ್ತು. ಗೋಡೆ ಕಟ್ಟಿದವನು ಒಬ್ಬ, ಗೋಡೆಯೊಳಗೆ ಬಾಳಿದವರು ಇನ್ನೊಬ್ಬರು. ಹುಡುಕಾಟ ನಡೆಯುವುದು ಬಾಳಿನ ಮೇಲೆ.

ಇದನ್ನು ಬೇರೆ ದೇಶದ ಕೋರ್ಟು ಒಂದು ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಒಬ್ಬ ಮನೆ ಮಾಲೀಕ ಭಾನುವಾರ ತನ್ನ ಬಾಡಿಗೆದಾರನನ್ನು ಚರ್ಚಿಗೆ ಕರೆಯಲು ಹೋದ. ಒಳಗಿಂದ ಕಳ್ಳಬಟ್ಟಿಯ ಹುಳಿವಾಸನೆ ಬಂತು. ಪೊಲೀಸರನ್ನು ಕರೆಸಿ, ಕಿಟಕಿಯಿಂದ ಇಳಿದು ನೋಡಿ ಎಂದ. ಒಳಗೆ 1300 ಗ್ಯಾಲನ್ ಹುಳಿಹಾಕಿದ ಬಟ್ಟಿಯ ಮಾಲು ಇತ್ತು. ಸಿಕ್ಕಿದ್ದು ನಿಜ, ಅಪರಾಧವೂ ನಿಜ. ಆದರೂ 1961ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಚಾಪ್‌ಮನ್ ಪ್ರಕರಣದಲ್ಲಿ ಆ ಹುಡುಕಾಟ ಸಲ್ಲದು ಎಂದಿತು. ಬಾಡಿಗೆದಾರನ ಮನೆಗೆ ಮಾಲೀಕ ಅಪ್ಪಣೆ ಕೊಡಲಾರ. ಕೊಡಬಹುದು ಎಂದರೆ ಸ್ವಂತ ಮನೆ ಇಲ್ಲದವರಿಗೆಲ್ಲ ಮನೆಯೇ ಇಲ್ಲದ ಹಾಗೆ ಆಗುತ್ತದೆ. ಕಾಫಿ ಸೀಮೆಯಲ್ಲಿ ಆಗಿರುವುದು ಅದೇ ಅಲ್ಲವೇ ಗೆಳೆಯರೇ?

*

ಎರಡನೆಯದು ದೊಡ್ಡವ್ವನ ಒಪ್ಪಿಗೆ. ಇದರ ಬಗ್ಗೆ ಬರೆಯುವುದು ಕಷ್ಟ. ಧಣಿಯನ್ನು ಬೈಯುವುದು ಸುಲಭ. ದೊಡ್ಡವ್ವ ನಮ್ಮವಳು. ಅವಳು ಆ ಮನೆಯಲ್ಲೇ ಇದ್ದವಳು, ಆ ಒಲೆಯಲ್ಲೇ ಗಂಜಿ ಬೇಯಿಸಿದವಳು. ಅವಳೇ ನೋಡ್ಕಳಿ ಎಂದ ಮೇಲೆ ಇನ್ನೇನು ಎಂದು ಅವತ್ತು ಲೈನಿನಲ್ಲೇ ಮಾತಾಡಿಕೊಂಡರು. ಅತ್ತಿಗೆಯಂತೂ ಅತ್ತೆಯ ಜೊತೆ ಎಷ್ಟೋ ದಿನ ಮಾತು ಬಿಟ್ಟಿದ್ದಳು.

ಒಂದೇ ಸೂರಿನಡಿ ಇರುವವರಲ್ಲಿ ಒಬ್ಬರು ಹೂಂ ಎಂದರೆ ಎಲ್ಲರ ಪರವಾಗಿ ಆಗುತ್ತದೆಯೇ? ಅಮೆರಿಕದ ಕೋರ್ಟುಗಳು ಈ ಪ್ರಶ್ನೆಯನ್ನು ಬಹಳ ಎಳೆದಾಡಿವೆ. ಜೊತೆಯಲ್ಲಿ ವಾಸವಿರುವವರು ಒಪ್ಪಿದರೆ ಸಾಕು ಎಂದು 1974ರಲ್ಲಿ ಮ್ಯಾಟ್ಲಾಕ್ ಪ್ರಕರಣದಲ್ಲಿ ಹೇಳಿದವು. 2006ರಲ್ಲಿ ರಾಂಡಾಲ್ಫ್ ಪ್ರಕರಣದಲ್ಲಿ, ಹೆಂಡತಿ ಬನ್ನಿ ಎಂದು ಗಂಡ ಅದೇ ಬಾಗಿಲಲ್ಲಿ ನಿಂತು ಬೇಡ ಎಂದರೆ ಒಳಗೆ ಹೋಗುವಂತಿಲ್ಲ ಎಂದವು. 2014ರಲ್ಲಿ, ಬೇಡ ಎಂದವನನ್ನು ಬಂಧಿಸಿ ಕರೆದೊಯ್ದ ಮೇಲೆ ಮನೆಯಲ್ಲಿ ಉಳಿದವರು ಒಪ್ಪಿದರೆ ನಡೆಯುತ್ತದೆ ಎಂದವು. ಬಾಗಿಲಲ್ಲಿ ನಿಂತು ಬೇಡ ಎನ್ನುವವನನ್ನು ಮೊದಲು ಜೀಪಿಗೆ ಹತ್ತಿಸಬಹುದು ಎಂಬುದು ನಮಗೆ ಯಾವ ಕೋರ್ಟೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಆ ದೇಶದ್ದೇ ಇನ್ನೊಂದು ತೀರ್ಪು ಓದಿದ ದಿನ ನಮಗೆ ದೊಡ್ಡವ್ವ ಕಣ್ಣ ಮುಂದೆ ಬಂದು ನಿಂತಳು. 1968ರ ಬಂಪರ್ ಪ್ರಕರಣ. ನಾರ್ತ್ ಕೆರೊಲಿನಾದ ಹಳ್ಳಿಗಾಡು. ಮಣ್ಣುರಸ್ತೆಯ ಕೊನೆಗೆ ಒಂಟಿ ಮನೆ. ಅದರಲ್ಲಿ 66 ವರ್ಷದ ಕರಿಯ ಜನಾಂಗದ ವಿಧವೆ ಮುದುಕಿ, ಜೊತೆಗೆ ಮೊಮ್ಮಗ. ಮೊಮ್ಮಗನ ಮೇಲೆ ದೊಡ್ಡ ಅಪರಾಧದ ಆಪಾದನೆ. ನಾಲ್ಕು ಜನ ಬಿಳಿಯ ಅಧಿಕಾರಿಗಳು ಬಾಗಿಲಿಗೆ ಬಂದು ವಾರೆಂಟ್ ಇದೆ ಎಂದರು. ಅಜ್ಜಿ ಆಗಲಿ ನೋಡಿ ಎಂದು ಬಾಗಿಲು ತೆರೆದಳು. ಅಡುಗೆಮನೆಯಲ್ಲಿ ಬಂದೂಕು ಸಿಕ್ಕಿತು. ಕೋರ್ಟಿನಲ್ಲಿ ಸರ್ಕಾರದವರು ವಾರೆಂಟಿನ ಮಾತು ಬಿಟ್ಟು, ಅಜ್ಜಿಯೇ ಒಪ್ಪಿದಳಲ್ಲ ಎಂದರು. ಸ್ವಂತ ಮನಸ್ಸಿನಿಂದಲೇ ಬಿಟ್ಟೆ ಎಂದು ಆ ಅಜ್ಜಿಯೂ ಸಾಕ್ಷಿ ಹೇಳಿದ್ದಳು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ವಾರೆಂಟ್ ಇದೆ ಎಂದು ಪೊಲೀಸನು ಹೇಳಿದ ಕ್ಷಣವೇ ತಡೆಯುವ ಹಕ್ಕು ನಿನಗಿಲ್ಲ ಎಂದು ಹೇಳಿದಂತೆ. ಆಮೇಲೆ ಬರುವ ಹೂಂ ಒಪ್ಪಿಗೆಯಲ್ಲ, ತಲೆಬಾಗುವುದು ಎಂದಿತು.

"ಆರ್ಡರ್ ಅದೆ" ಎಂದ ದಫೇದಾರರು, "ನೋಡ್ಕಳಿ ಸಾಮಿ" ಎಂದ ದೊಡ್ಡವ್ವ. ಸಮುದ್ರದಾಚೆಯ ಕರಿಯ ಅಜ್ಜಿಗೂ ಕಾಫಿ ಕಾಡಿನ ಹೊಲೇರ ಅಜ್ಜಿಗೂ ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದೇ ಮಾತು. ನಮ್ಮವರ ಹೂಂ ಎಷ್ಟು ತಲೆಮಾರಿನದು ಎಂದು ಅಳೆಯಲು ಯಾವ ಸಾಕ್ಷಿ ಕಟಕಟೆಯೂ ಸಾಲದು. ಹೂಂ ಎನ್ನದಿದ್ದರೆ ಏನಾಗುತ್ತದೆ ಎಂಬ ಭಯ ಬರೀ ಕಲ್ಪನೆಯೂ ಅಲ್ಲ. ಇದೇ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ 2021ರ ಮೇ ತಿಂಗಳಲ್ಲಿ, ನೀರು ಕೇಳಿದ್ದಕ್ಕೆ ಮೂತ್ರ ನೆಕ್ಕಿಸಿದರು ಎಂದು ದಲಿತ ಯುವಕನೊಬ್ಬ ದೂರು ಕೊಟ್ಟ. ಸಬ್ ಇನ್ಸ್‌ಪೆಕ್ಟರ್ ಅಮಾನತಾದರು, ಸಿಐಡಿ ತನಿಖೆ ನಡೆಯಿತು, ಬಂಧನವೂ ಆಯಿತು. ಆ ಸುದ್ದಿ ಪ್ರತಿ ಲೈನಿನ ಜಗಲಿಯಲ್ಲೂ ಓಡಾಡಿದೆ. ಅದನ್ನು ಕೇಳಿಸಿಕೊಂಡ ಹೆಣ್ಣುಮಗಳು ನಾಳೆ ಬಾಗಿಲಲ್ಲಿ ನಿಂತು ಹೂಂ ಎಂದರೆ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬಹುದೇ?

ನಮ್ಮ ದೇಶದ ಸುಪ್ರೀಂ ಕೋರ್ಟೂ ಇದಕ್ಕೆ ಹತ್ತಿರದ ಒಂದು ಮಾತು ಹೇಳಿದೆ. ರಾಜಸ್ಥಾನ ಸರ್ಕಾರ ಮತ್ತು ರೆಹಮಾನ್ ಎಂಬ ಮೊಕದ್ದಮೆ 1960ರ ಕಾನೂನು ವರದಿಗಳಲ್ಲಿದೆ. ಸುಂಕದ ಅಧಿಕಾರಿಗಳು ಕಾರಣ ಬರೆದಿಡದೆ ರೆಹಮಾನನ ಮನೆ ಹುಡುಕಲು ಹೋದರು. ಅವನು ತಡೆದ. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಕೇಸು ಹಾಕಿದರು. ಕಾರಣ ಬರೆಯದೆ ನಡೆಸಿದ ಹುಡುಕಾಟವೇ ಕಾನೂನಿಗೆ ವಿರುದ್ಧ, ಆದ್ದರಿಂದ ತಡೆದದ್ದು ಅಪರಾಧವಲ್ಲ ಎಂದು ಕೋರ್ಟು ಹೇಳಿತು. ಉಹೂಂ ಎನ್ನುವ ಹಕ್ಕು ಕಾಗದದಲ್ಲಿ ಇದೆ. ಅದನ್ನು ಬಾಯಿಗೆ ತಂದುಕೊಳ್ಳುವ ಧೈರ್ಯ ಒಂಟಿ ಮನೆಗೆ ಬರುವುದಿಲ್ಲ, ಇಡೀ ಲೈನು ಜಗಲಿಗೆ ಬಂದು ನಿಂತರೆ ಬರುತ್ತದೆ.

*

ಮೂರನೆಯದು ನಮ್ಮ ಸಹಿ.

ಕಾನೂನು ಹೇಳಿದ್ದು ಏನು? ಹುಡುಕುವ ಮೊದಲು ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರರಾದ, ಗೌರವಸ್ಥರಾದ ನಿವಾಸಿಗಳನ್ನು ಸಾಕ್ಷಿಗೆ ಕರೆಯಬೇಕು. ಅವರ ಎದುರಿಗೇ ಹುಡುಕಬೇಕು. ಸಿಕ್ಕಿದ ಪ್ರತಿ ವಸ್ತುವನ್ನೂ, ಅದು ಸಿಕ್ಕಿದ ಜಾಗವನ್ನೂ ಪಟ್ಟಿ ಮಾಡಿ ಅವರ ಸಹಿ ಪಡೆಯಬೇಕು. ಮನೆಯಲ್ಲಿ ವಾಸವಿರುವವರು ಅಥವಾ ಅವರ ಪರವಾದವರು ಹುಡುಕಾಟದ ಉದ್ದಕ್ಕೂ ಹಾಜರಿರಬಹುದು. ಸಾಕ್ಷಿಗಳು ಸಹಿ ಮಾಡಿದ ಪಟ್ಟಿಯ ಪ್ರತಿಯನ್ನು ಅವರಿಗೆ ಕೊಡಬೇಕು.

ಈ ಸಾಲುಗಳನ್ನು ನಾವು 1986ರಲ್ಲಿ ಓದಿರಲಿಲ್ಲ. ಓದಿದ ಮೇಲೆ "ಸ್ವತಂತ್ರ" ಮತ್ತು "ಗೌರವಸ್ಥ" ಎಂಬ ಎರಡು ಮಾತುಗಳ ಮೇಲೆ ಕಣ್ಣು ನಿಂತುಬಿಟ್ಟಿತು. ತೋಟದಲ್ಲಿ ಸ್ವತಂತ್ರ ಯಾರು? ರೈಟರು ಸಾವ್ಕಾರರ ಸಂಬಳದವರು. ಮೇಸ್ತ್ರಿ ಅವರ ಮುಂಗಡದವನು. ನಾವು ಅವರ ಮನೆಯಲ್ಲಿರುವವರ ಮಗ. ಇನ್ನು ಗೌರವಸ್ಥರು ಎಂದರೆ ಊರಿನಲ್ಲಿ ಯಾರನ್ನು ಕರೆಯುತ್ತಾರೆ ಎಂಬುದು ಗೊತ್ತೇ ಇದೆ. ಕೇರಿಯ ಮನೆ ಹುಡುಕುವಾಗ ಕೇರಿಯ ಹಿರಿಯರು ಗೌರವಸ್ಥರ ಲೆಕ್ಕಕ್ಕೆ ಬರುವುದಿಲ್ಲ. ಅವತ್ತು ನಾವು ಬಂದೆವು. ನಮ್ಮ ಜನದಲ್ಲಿ ಒಬ್ಬನನ್ನು ಮೊದಲ ಸಲ ಗೌರವಸ್ಥ ಎಂದು ಒಪ್ಪಿಕೊಂಡದ್ದು ನಮ್ಮವರನ್ನೇ ಹೊರಗೆ ಹಾಕಲು. ಅಕ್ಷರ ಕಲಿತ ನಮ್ಮ ಹುಡುಗರು ಇದನ್ನು ನೆನಪಿಟ್ಟುಕೊಳ್ಳಬೇಕು. ಓದಿದ ಕೈಗೆ ಅವರು ಮೊದಲು ಕೊಡುವ ಕೆಲಸ ಖಾಲಿ ಕಾಗದಕ್ಕೆ ಸಹಿ.

ಆ ಸಹಿಗೆ ಯಾಕೆ ಅಷ್ಟು ತೂಕ ಎಂಬುದನ್ನೂ ಹೇಳಬೇಕು. ಹುಡುಕಾಟದ ಕ್ರಮ ತಪ್ಪಿತ್ತು ಎಂಬ ಒಂದೇ ಕಾರಣಕ್ಕೆ ನಮ್ಮ ದೇಶದಲ್ಲಿ ಸಿಕ್ಕ ವಸ್ತುವನ್ನು ಸಾಕ್ಷ್ಯದಿಂದ ಹೊರಗೆ ಹಾಕುವುದಿಲ್ಲ. 1973ರ ಪೂರನ್ ಮಲ್ ತೀರ್ಪಿನಿಂದ ಈ ಮಾತು ಗಟ್ಟಿಯಾಗಿದೆ. ಅಮೆರಿಕದ ಆ ಅಜ್ಜಿಯ ಅಡುಗೆಮನೆಯಲ್ಲಿ ಸಿಕ್ಕ ಬಂದೂಕು ಅಲ್ಲಿ ಸಾಕ್ಷ್ಯವಾಗಲು ಬರಲಿಲ್ಲ. ನಮ್ಮಲ್ಲಿ ಬರಬಹುದು. ಆದ್ದರಿಂದ ನಮ್ಮ ದೇಶದ ಬಡವನಿಗೆ ಉಳಿಯುವುದು ಆ ಪಟ್ಟಿ, ಆ ಸಾಕ್ಷಿಗಳು. ಎಲ್ಲಿ ಸಿಕ್ಕಿತು, ಯಾರ ಎದುರು ಸಿಕ್ಕಿತು, ನಿಜಕ್ಕೂ ಸಿಕ್ಕಿತೇ ಎಂಬುದು ಅಲ್ಲಿಯೇ ತೀರ್ಮಾನವಾಗಬೇಕು. ಖಾಲಿ ಕಾಗದಕ್ಕೆ ಸಹಿ ಹಾಕಿದ ಪಂಚ ಆ ಬಾಗಿಲನ್ನೂ ಮುಚ್ಚಿಬಿಡುತ್ತಾನೆ.

ಪಟ್ಟಿ ಎಂದಾಗ ಘಟ್ಟದ ಕೆಳಗಿನ ಒಂದು ಪಟ್ಟಿ ನೆನಪಾಗುತ್ತದೆ. ಕಳಸದಿಂದ ಕುದುರೆಮುಖದ ಬೆಟ್ಟಸಾಲು ದಾಟಿದರೆ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರು. ಅಲ್ಲಿನ ಮಲೆಕುಡಿಯರ ಹುಡುಗ ವಿಠಲ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. 2012ರ ಮಾರ್ಚಿನಲ್ಲಿ ನಕ್ಸಲರ ನಂಟಿನ ಆಪಾದನೆ ಹೊರಿಸಿ ಅವನನ್ನೂ ಅವನ ತಂದೆಯನ್ನೂ ಬಂಧಿಸಿದರು. ಜಪ್ತಿಯ ಪಟ್ಟಿಯಲ್ಲಿ ಇದ್ದದ್ದು ಭಗತ್ ಸಿಂಗರ ಬಗೆಗಿನ ಪುಸ್ತಕ, ಪತ್ರಿಕೆಯ ತುಣುಕುಗಳು, ಚಹಾಪುಡಿ, ಸಕ್ಕರೆ. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ಬಿಡುಗಡೆ ಮಾಡಿತು. ಪುಸ್ತಕ ಪತ್ರಿಕೆ ಇಟ್ಟುಕೊಳ್ಳುವುದು ಅಪರಾಧವಲ್ಲ ಎಂದು ಹೇಳಿತು. ಅಷ್ಟು ಹೊತ್ತಿಗೆ 9 ವರ್ಷ ಕಳೆದಿತ್ತು. ಬೇರೆಯವರ ಮನೆಯಲ್ಲಿ ಚಹಾಪುಡಿ ಚಹಾ ಆಗುತ್ತದೆ, ನಮ್ಮವರ ಮನೆಯಲ್ಲಿ ಸಾಕ್ಷ್ಯ ಆಗುತ್ತದೆ.

*

ಬಾಬಾಸಾಹೇಬರು ಈ ಬಾಗಿಲಿನ ಬಗ್ಗೆ ಯೋಚಿಸಿದ್ದರು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. 1947ರಲ್ಲಿ ಅಖಿಲ ಭಾರತ ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಅವರು ಸಂವಿಧಾನ ಸಭೆಗೆ ಕೊಟ್ಟ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಎಂಬ ಮನವಿಯಲ್ಲಿ, ಜನರ ಮೈ, ಮನೆ, ಕಾಗದಪತ್ರ, ಸಾಮಾನುಗಳನ್ನು ಕಾರಣವಿಲ್ಲದೆ ಹುಡುಕುವುದು, ಜಪ್ತಿ ಮಾಡುವುದು ಕೂಡದು ಎಂಬುದನ್ನು ಮೂಲಭೂತ ಹಕ್ಕಾಗಿ ಸೇರಿಸಿದ್ದರು. 1948ರ ಡಿಸೆಂಬರಿನಲ್ಲಿ ಕಾಜಿ ಸೈಯದ್ ಕರೀಮುದ್ದೀನರು ಅದೇ ಅರ್ಥದ ತಿದ್ದುಪಡಿ ತಂದಾಗ, ಇದು ಉಪಯುಕ್ತವಾದದ್ದು ಎಂದು ಅಂಬೇಡ್ಕರರು ಒಲವು ತೋರಿದರು. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಈ ರಕ್ಷಣೆ ಈಗಾಗಲೇ ಇದೆ, ಆದರೆ ಮುಂದೆ ಯಾವುದೋ ಶಾಸನಸಭೆ ಅದನ್ನು ಕಿತ್ತುಹಾಕಬಹುದು, ಸಂವಿಧಾನದಲ್ಲಿದ್ದರೆ ಹಾಗೆ ಕೀಳಲಾಗದು ಎಂಬುದು ಅವರ ವಿಚಾರ. ಸಭೆ ಆ ತಿದ್ದುಪಡಿಯನ್ನು ತಳ್ಳಿಹಾಕಿತು.

ಅದು ಒಳಗೆ ಬರಲು ಬಹಳ ಕಾಲ ಹಿಡಿಯಿತು. 1962ರಲ್ಲಿ ಖರಕ್ ಸಿಂಗ್ ತೀರ್ಪು ಉತ್ತರ ಪ್ರದೇಶದ ಪೊಲೀಸರು ರಾತ್ರಿ ಹೊತ್ತು ಮನೆ ಬಾಗಿಲು ತಟ್ಟುವ ನಿಯಮವನ್ನು ಹೊಡೆದುಹಾಕಿತು, ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಒಪ್ಪಲಿಲ್ಲ. ಒಪ್ಪಿದ್ದು 2017ರ ಆಗಸ್ಟ್ 24ರಂದು, 9 ನ್ಯಾಯಮೂರ್ತಿಗಳ ಪೀಠ. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ದಿಲ್ಲಿಯಲ್ಲಿ ಹುಟ್ಟಿದ ಹಕ್ಕು ಚಾರ್ಮಾಡಿ ಘಾಟಿ ಹತ್ತಿ ಲೈನಿನ ಜಗಲಿ ಮುಟ್ಟಲು ಇನ್ನೆಷ್ಟು ವರ್ಷ ಬೇಕೋ, ಅದು ನಮ್ಮ ಕೈಯಲ್ಲೂ ಇದೆ.

ಯಾಕೆಂದರೆ ಮೊಳೆಯ ಮೇಲಿನ ಬೀಗದಕೈ ಇನ್ನೂ ಹೋಗಿಲ್ಲ. 2022ರ ಅಕ್ಟೋಬರಿನಲ್ಲಿ ಬಾಳೆಹೊನ್ನೂರು ಠಾಣೆಗೆ ಸೇರಿದ ಒಂದು ತೋಟದಲ್ಲಿ, ಮುಂಗಡ ಸಾಲದ ಜಗಳಕ್ಕೆ ದಲಿತ ಕೂಲಿಗಳನ್ನು, ಅವರಲ್ಲಿ ಗರ್ಭಿಣಿಯೊಬ್ಬಳನ್ನೂ ಸೇರಿಸಿ, ಕೋಣೆಯಲ್ಲಿ ಕೂಡಿಹಾಕಿದರು ಎಂದು ದೂರು ದಾಖಲಾಯಿತು. ಬಾಗಿಲು ತೆರೆಯುವ ಅಧಿಕಾರ ತನ್ನದೆಂದು ನಂಬಿದವನು ಮುಚ್ಚುವ ಅಧಿಕಾರವನ್ನೂ ತನ್ನದೆಂದೇ ನಂಬುತ್ತಾನೆ. ಈಗ ಲೈನುಗಳಲ್ಲಿ ನಮ್ಮವರು ಕಡಿಮೆಯಾಗಿದ್ದಾರೆ. ಅಸ್ಸಾಮಿನಿಂದ, ಬಂಗಾಳದಿಂದ ಬಂದ ಸಂಸಾರಗಳು ಕೊಯ್ಲು ಮಾಡುತ್ತಿವೆ. ಅವರ ಮನೆ ಹುಡುಕುವಾಗಲೂ "ನೋಡ್ಕಳಿ" ಎನ್ನುವವರು ಬೇರೆಯವರೇ. ಅವರಿಗೆ ಕನ್ನಡ ಬಾರದು, ಹೂಂ ಎನ್ನಲೂ ಬಾರದು, ಉಹೂಂ ಎನ್ನಲೂ ಬಾರದು. ಹೊರಗಿನವರು ಎಂದು ನಾವು ಸುಮ್ಮನಿದ್ದರೆ, 1986ರಲ್ಲಿ ಹಾಕಿದ ಸಹಿಯನ್ನೇ ಇನ್ನೊಮ್ಮೆ ಹಾಕಿದಂತೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಸಂಘಟನೆಯ ಹುಡುಗರಿಗೆ ನಾವು ಕೇಳಿಕೊಳ್ಳುವುದು ದೊಡ್ಡದೇನಲ್ಲ. ಪೊಲೀಸರನ್ನು ತಳ್ಳಬೇಡಿ, ಕೈ ಮಾಡಬೇಡಿ. ಕೇಳಿ. "ವಾರೆಂಟು ಇದ್ದರೆ ತೋರಿಸಿ ಸಾರ್. ಇಲ್ಲದಿದ್ದರೆ ಕಾರಣ ಬರೆದಿದ್ದೀರಾ, ಏನು ಹುಡುಕ್ತಾ ಇದ್ದೀರಿ?" "ಈ ಮನೇಲಿ ಇರೋರು ಬರೋ ತನಕ ನಿಲ್ಲಿ, ಅವರ ಎದುರಿಗೇ ನೋಡಿ." "ಪಟ್ಟಿಯ ಪ್ರತಿ ಕೊಡಿ." ಹೊಸ ಸಂಹಿತೆಯ 105ನೆಯ ಕಲಮು ಹುಡುಕಾಟವನ್ನೂ ಜಪ್ತಿಯನ್ನೂ ವಿಡಿಯೊ ಮಾಡಬೇಕು, ಮೊಬೈಲಿನಲ್ಲಾದರೂ ಆದೀತು ಎನ್ನುತ್ತದೆ. "ವಿಡಿಯೊ ಎಲ್ಲಿ ಸಾರ್?" ಎಂದೂ ಕೇಳಿ. ಒಪ್ಪಿಗೆ ಇಲ್ಲದಿದ್ದರೆ ಇಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ. ಪಂಚನಾಗಿ ಕರೆದರೆ ಹೋಗಿ, ಕಣ್ಣಾರೆ ಕಂಡದ್ದಕ್ಕೆ ಮಾತ್ರ ಸಹಿ ಹಾಕಿ, ಖಾಲಿ ಜಾಗಕ್ಕೆ ಗೆರೆ ಎಳೆದು ಹಾಕಿ. ಏಳನೆಯ ಕ್ಲಾಸಿನ ಮಕ್ಕಳಿಗೆ ಅರ್ಜಿ ಬರೆಯುವುದನ್ನು ಕಲಿಸುವಾಗ ಈ ನಾಲ್ಕು ಮಾತನ್ನೂ ಕಲಿಸಬಹುದು.

ಅಣ್ಣನ ಸಂಸಾರ ಮತ್ತೆ ನಮಗೆ ಸಿಗಲಿಲ್ಲ. ಕಳಸದಲ್ಲಿ, ಹೊರನಾಡಿನ ದಾರಿಯ ತೋಟಗಳಲ್ಲಿ ವಿಚಾರಿಸಿದೆವು. ಸಿಕ್ಕಿದ್ದರೆ ಏನು ಹೇಳುತ್ತಿದ್ದೆವೋ. ಅವರು ಹೋದ ವಾರ ಅವ್ವ ಮೂಡಿಗೆರೆ ಸಂತೆಯಿಂದ ಒಂದು ಬೀಗ ತಂದಳು. ಅವಳ ಎರಡು ದಿನದ ಕೂಲಿ ಅದಕ್ಕೆ ಹೋಯಿತು. ತೋಟದ ಬೀಗ ಬಿಚ್ಚಿ ರೈಟರ ಮೇಜಿನ ಮೇಲಿಟ್ಟು ಬಂದಳು. "ಯಾಕೆ, ನಮ್ಮ ಬೀಗ ಕೆಟ್ಟೋಯ್ತಾ?" ಎಂದು ಅವರು ಕೇಳಿದರಂತೆ. "ಇಲ್ಲ ಅಯ್ಯ, ನಮ್ಮನೆಗೆ ನಮ್ದೊಂದಿರ್ಲಿ ಅಂತ" ಎಂದಳಂತೆ. ಹೊಸ ಬೀಗಕ್ಕೂ ಎರಡು ಬೀಗದಕೈ ಇದ್ದವು. ಎರಡನ್ನೂ ಅವ್ವ ತನ್ನ ಸೊಂಟದಲ್ಲೇ ಇಟ್ಟುಕೊಂಡಳು.